ರಾತ್ರಿಯ ಅಯಾನುಗೋಳದ ಏರುಪೇರನ್ನು ರೇಡಾರ್ ಡೇಟಾದಲ್ಲಿ ಗುರುತಿಸುವುದು: ಮೈಸೂರು–ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

ಅಯಾನುಗೋಳ ಅಂದರೆ ವಾತಾವರಣದ ಮೇಲ್ಭಾಗದಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಅನಿಲ, ತುಂಬಿರುವ ಭಾಗ. ಆ ಪ್ಲಾಸ್ಮಾ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು ಆಗುವುದೇ ಏರುಪೇರು. ಮೈಸೂರು, ಮಂಡ್ಯದ ಕಾಲೇಜುಗಳ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಲು ಹೊರಟಾಗ ಎಡವುವ ಜಾಗ ಹೆಚ್ಚುಕಮ್ಮಿ ಒಂದೇ. ರೇಡಾರ್ ಫೈಲ್ ಕೈಗೆ ಸಿಕ್ಕ ಕೂಡಲೇ ಬಣ್ಣದ ಚಿತ್ರ ಬಿಡಿಸುತ್ತಾರೆ. ಕೆಂಪಗೆ ಕಂಡದ್ದಕ್ಕೆಲ್ಲ ಪ್ಲಾಸ್ಮಾ ಗುಳ್ಳೆ (ಕೆಳಗಿನಿಂದ ಮೇಲೇಳುವ ತೆಳು ಪ್ಲಾಸ್ಮಾ) ಅಂತ ಹೆಸರಿಡುತ್ತಾರೆ. ಆಮೇಲೆ ನೋಡಿದರೆ ಸಮಯ ಐದೂವರೆ ಗಂಟೆ ಹಿಂದೆ ಮುಂದೆ ಆಗಿರುತ್ತದೆ, ಎತ್ತರ ನೂರಾರು ಕಿಲೋಮೀಟರ್ ತಪ್ಪಿರುತ್ತದೆ, ಮೈಸೂರಿನ ಮೇಲೆ ಅಂದುಕೊಂಡದ್ದು ಆಂಧ್ರದ ಮೇಲಿನ ಆಕಾಶ ಆಗಿರುತ್ತದೆ.

ಚಿತ್ರ ಬಿಡಿಸುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ಗಡಿಯಾರ, ಬೀಮ್‌ನ (ರೇಡಾರ್ ಕಿರಣದ) ದಿಕ್ಕು, ರೇಡಾರ್‌ನ ಸೆಟ್ಟಿಂಗ್ ಈ ಮೂರನ್ನೂ ಸರಿಮಾಡಿಕೊಳ್ಳಬೇಕು. ಕೆಳಗಿನ ಹಂತಗಳ ಕ್ರಮ ಅದಕ್ಕಾಗಿಯೇ ಹೀಗಿದೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಎಲ್ಲ ಮುಗಿದಾಗ ಒಂದು ರಾತ್ರಿಯ ರೆಕಾರ್ಡ್ ನೋಡಿ ನೀವು ಇಷ್ಟು ಹೇಳುವಂತಿರಬೇಕು: ಏರುಪೇರು ಇತ್ತಾ, ಎಷ್ಟು ಎತ್ತರದಲ್ಲಿತ್ತು, ಯಾವ ಬಗೆಯದು, ನಮ್ಮ ತಲೆಯ ಮೇಲೂ ಹಾದುಹೋಯಿತಾ.

## ಮೊದಲು ಏನೇನು ಬೇಕು

ರೇಡಾರ್ ನಾವೇ ಕಟ್ಟಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ತಿರುಪತಿ ಹತ್ತಿರದ ಗಾದಂಕಿಯಲ್ಲಿ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ, ಅಂದರೆ ಎನ್‌ಎಆರ್‌ಎಲ್, ಇದೆ. ಅಲ್ಲಿನ 53 ಮೆಗಾಹರ್ಟ್ಸ್ ಎಂಎಸ್‌ಟಿ (ಮೆಸೋಸ್ಫಿಯರ್–ಸ್ಟ್ರಾಟೋಸ್ಫಿಯರ್–ಟ್ರೋಪೋಸ್ಫಿಯರ್) ರೇಡಾರ್‌ಗೆ 1024 ಯಾಗಿ ಆಂಟೆನಾಗಳಿವೆ. 130 ಮೀಟರ್ ಉದ್ದ, ಅಷ್ಟೇ ಅಗಲದ ಜಾಗದಲ್ಲಿ ಅವನ್ನು ನಿಲ್ಲಿಸಿದ್ದಾರೆ. ನೂರಾರು ಕಿ.ಮೀ. ಎತ್ತರದಿಂದ ಬರುವ ದುರ್ಬಲ ಪ್ರತಿಧ್ವನಿ ಹಿಡಿಯಲು ಆ ಗಾತ್ರ ಬೇಕೇ ಬೇಕು. ಜೊತೆಗೆ, ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮತಿ ಇಲ್ಲದೆ ರೇಡಾರ್ ಸಿಗ್ನಲ್ ಹೊರಡಿಸುವುದು ಕಾನೂನಿಗೆ ವಿರುದ್ಧ. ಟ್ರಾನ್ಸ್‌ಮಿಟರ್ ಆಸೆ ಬಿಟ್ಟುಬಿಡಿ.

ನಿಮಗೆ ಬೇಕಾದ್ದು ರೇಡಾರ್‌ನ ಡೇಟಾ. ಕಲಿಯಲು ಅತಿ ಸುಲಭವಾಗಿ ಸಿಗುವುದು ಪೆರು ದೇಶದ ಲೀಮಾ ಹತ್ತಿರವಿರುವ ಹಿಕಾಮಾರ್ಕಾ ರೇಡಾರ್‌ನದು. ಇದು 50 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಮ್ಯಾಡ್ರಿಗಲ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಇದರ ಫೈಲುಗಳಿವೆ. ಇಂಡೋನೇಷ್ಯಾದ ಸುಮಾತ್ರಾದಲ್ಲಿರುವ ಕೊಟೊತಬಾಂಗ್ ರೇಡಾರ್ 47 ಮೆಗಾಹರ್ಟ್ಸ್‌ನದು. ಅದರ ಚಿತ್ರ ಮತ್ತು ಡೇಟಾವನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯ ಒದಗಿಸುತ್ತದೆ. ಗಾದಂಕಿಯ ಡೇಟಾಕ್ಕೆ ನಿಮ್ಮ ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಿ ಕೇಳಿ. ಅಲ್ಲಿ 30 ಮೆಗಾಹರ್ಟ್ಸ್‌ನ ಇನ್ನೊಂದು ರೇಡಾರ್ ಇದೆ, ಹೆಸರು ಗಿರಿ. ಅಯಾನುಗೋಳಕ್ಕೆಂದೇ ಕಟ್ಟಿದ್ದು.

ಉಳಿದದ್ದು ಸಾಮಾನ್ಯ ಸಾಮಾನು. ಪೈಥಾನ್, ಅದರಲ್ಲಿ ನಂಪೈ, ಮ್ಯಾಟ್‌ಪ್ಲಾಟ್‌ಲಿಬ್, ಎಚ್5ಪೈ. ಭೂಕಾಂತಕ್ಷೇತ್ರ ಲೆಕ್ಕ ಹಾಕಲು ಐಜಿಆರ್‌ಎಫ್ ಮಾದರಿ. ಸಾಧ್ಯವಾದರೆ ಎರಡು ಆವರ್ತನದ ಒಂದು ಜಿಪಿಎಸ್ ರಿಸೀವರ್. ಅದು ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, 9ನೇ ಹಂತದಲ್ಲಿ ದಾರಿ ಇದೆ.

## ಹಂತ 1: ರೇಡಾರ್‌ಗೆ ಏನು ಕಾಣುತ್ತದೆ ಅಂತ ಬರೆದಿಟ್ಟುಕೊಳ್ಳಿ

ಸೂರ್ಯ ಮುಳುಗಿದ ಮೇಲೆ 100 ಕಿ.ಮೀ. ಆಸುಪಾಸಿನ ಇ ಪದರ ಬೇಗ ಕರಗುತ್ತದೆ. ಮೇಲಿನ ಎಫ್ ಪದರ ಉಳಿಯುತ್ತದೆ. ಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಗೆರೆಯ) ಹತ್ತಿರ, ಸಂಜೆ ಹೊತ್ತಿನ ವಿದ್ಯುತ್ ಕ್ಷೇತ್ರ ಎಫ್ ಪದರವನ್ನು ಮೇಲಕ್ಕೆ ಎತ್ತುತ್ತದೆ. ಆಗ ದಟ್ಟ ಪ್ಲಾಸ್ಮಾ ಮೇಲೆ, ತೆಳು ಪ್ಲಾಸ್ಮಾ ಕೆಳಗೆ ಆಗಿ ಸ್ಥಿರತೆ ತಪ್ಪುತ್ತದೆ. ರೇಲಿ–ಟೇಲರ್ ಅಸ್ಥಿರತೆ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಕೆಳಗಿನ ತೆಳು ಪ್ಲಾಸ್ಮಾ ಗುಳ್ಳೆಯಾಗಿ ಮೇಲೇಳುತ್ತದೆ. ಅದರ ಅಂಚುಗಳಲ್ಲಿ ನೂರಾರು ಕಿ.ಮೀ.ನಿಂದ ಹಿಡಿದು ಒಂದು ಮೀಟರ್‌ಗಿಂತ ಚಿಕ್ಕದರವರೆಗೆ ಎಲ್ಲ ಅಳತೆಯ ಏರುಪೇರು ಹುಟ್ಟುತ್ತದೆ.

ರೇಡಾರ್ ಇದೆಲ್ಲವನ್ನೂ ನೋಡುವುದಿಲ್ಲ. ತನ್ನ ತರಂಗಾಂತರದ ಅರ್ಧದಷ್ಟು ಅಳತೆಯ ಏರುಪೇರಿನಿಂದ ಮಾತ್ರ ಅದಕ್ಕೆ ಪ್ರತಿಧ್ವನಿ ಬರುತ್ತದೆ. 53 ಮೆಗಾಹರ್ಟ್ಸ್‌ಗೆ ತರಂಗಾಂತರ 5.66 ಮೀಟರ್, ಹಾಗಾಗಿ 2.8 ಮೀಟರ್‌ನ ಏರುಪೇರು. 50 ಮೆಗಾಹರ್ಟ್ಸ್‌ಗೆ 3 ಮೀಟರ್. 30 ಮೆಗಾಹರ್ಟ್ಸ್‌ಗೆ 5 ಮೀಟರ್.

ಈ ಸಂಖ್ಯೆಯನ್ನು ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಬರೆಯಿರಿ. ರೇಡಾರ್‌ನಲ್ಲಿ ಏನೂ ಕಾಣದಿದ್ದರೆ ಗುಳ್ಳೆಯೇ ಇರಲಿಲ್ಲ ಅಂತ ತೀರ್ಮಾನಿಸುವವರು ಜಾಸ್ತಿ. 3 ಮೀಟರ್ ಅಳತೆಯದು ಇರಲಿಲ್ಲ ಅಂತ ಮಾತ್ರ ಹೇಳಬಹುದು. ದೊಡ್ಡ ಅಳತೆಯದು ಅಲ್ಲೇ ಇರಬಹುದು.

## ಹಂತ 2: ರಾತ್ರಿ ಆರಿಸಿ

ಮೊದಲ ಪ್ರಯತ್ನಕ್ಕೆ ಯಾವುದೋ ಒಂದು ದಿನಾಂಕ ಹಿಡಿಯಬೇಡಿ. ನಮ್ಮ ರೇಖಾಂಶದಲ್ಲಿ ಕಾಂತಕ್ಷೇತ್ರ ಹೆಚ್ಚುಕಮ್ಮಿ ನೇರ ಉತ್ತರ–ದಕ್ಷಿಣ. ಹಾಗಾಗಿ ಹಗಲು–ರಾತ್ರಿ ಸಮನಾಗಿರುವ ಕಾಲದಲ್ಲಿ ಸೂರ್ಯಾಸ್ತದ ಗೆರೆ ಕಾಂತರೇಖೆಗಳ ಜೊತೆ ಹೊಂದುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಂಜೆಯ ಗುಳ್ಳೆಗಳು ಜಾಸ್ತಿ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷ ಆದರೆ ಇನ್ನೂ ಒಳ್ಳೆಯದು. 2024ರ ಆಸುಪಾಸಿನ ವರ್ಷಗಳು ಅಂಥವು. ಪೆರುವಿನಲ್ಲಿ ಕಾಂತರೇಖೆಗಳ ಕೋನ ಬೇರೆ, ಋತುವೂ ಬೇರೆ. ಅಲ್ಲಿನ ಕ್ಯಾಲೆಂಡರ್ ಇಲ್ಲಿಗೆ ಹೊಂದುವುದಿಲ್ಲ.

ಇನ್ನೊಂದು ಬಗೆಯೂ ಇದೆ. ಸೂರ್ಯ ಶಾಂತವಾಗಿರುವ ವರ್ಷಗಳ ಜೂನ್–ಜುಲೈನಲ್ಲಿ ಮಧ್ಯರಾತ್ರಿಯ ನಂತರ ಹೊಸದಾಗಿ ಏರುಪೇರು ಹುಟ್ಟುತ್ತದೆ. ಅದು ಸ್ವಾರಸ್ಯದ ವಿಷಯ, ಆದರೆ ಎರಡನೇ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಿ.

ರಾತ್ರಿ ಆರಿಸಿದ ಮೇಲೆ, ಭೂಕಾಂತಕ್ಷೇತ್ರ ಆ ದಿನ ಎಷ್ಟು ಕಲಕಿತ್ತು ಅಂತ ಹೇಳುವ ಎರಡು ಸೂಚ್ಯಂಕ ಬೇಕು: ಕೆಪಿಯನ್ನು ಜರ್ಮನಿಯ ಜಿಎಫ್‌ಜೆಡ್ ಎಂಬ ಭೂವಿಜ್ಞಾನ ಸಂಸ್ಥೆಯಿಂದ, ಡಿಎಸ್‌ಟಿಯನ್ನು ಕ್ಯೋಟೊದಿಂದ ತೆಗೆದುಕೊಳ್ಳಿ. ಕೆಪಿ ಇಡೀ ದಿನ 3ಕ್ಕಿಂತ ಕೆಳಗಿದ್ದರೆ ಶಾಂತ ದಿನ. ಕಲಿಯಲು ಅಂಥದ್ದೇ ಬೇಕು. 2024ರ ಮೇ 10–11ರ ದೊಡ್ಡ ಕಾಂತಬಿರುಗಾಳಿಯಂಥ ರಾತ್ರಿ ಎಲ್ಲರನ್ನೂ ಸೆಳೆಯುತ್ತದೆ. ಬಿರುಗಾಳಿ ಕೆಲವೊಮ್ಮೆ ಗುಳ್ಳೆ ಹುಟ್ಟಿಸುತ್ತದೆ, ಕೆಲವೊಮ್ಮೆ ಹುಟ್ಟದಂತೆ ತಡೆಯುತ್ತದೆ. ಸಾಮಾನ್ಯ ರಾತ್ರಿ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಅದನ್ನು ಬಿಡಿಸಲು ಆಗುವುದಿಲ್ಲ.

## ಹಂತ 3: ಗಡಿಯಾರ ಸರಿಮಾಡಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಫೈಲುಗಳಲ್ಲಿ ಸಾಮಾನ್ಯವಾಗಿ ವಿಶ್ವಸಮಯ ಇರುತ್ತದೆ. ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 8 ಗಂಟೆ ಅಂದರೆ ವಿಶ್ವಸಮಯ 14:30. ನಮ್ಮ ಪುಣ್ಯಕ್ಕೆ ಸಂಜೆಯಿಂದ ಬೆಳಗಿನ ಜಾವ ಐದೂವರೆವರೆಗಿನ ಇಡೀ ರಾತ್ರಿ ಒಂದೇ ವಿಶ್ವಸಮಯ ದಿನಾಂಕದೊಳಗೆ ಬರುತ್ತದೆ. ಪೆರುವಿನದು ಹಾಗಲ್ಲ. ಅಲ್ಲಿ ಸಂಜೆ 7 ಗಂಟೆಗೇ ವಿಶ್ವಸಮಯದ ದಿನಾಂಕ ಬದಲಾಗುತ್ತದೆ. ಮಾರ್ಚ್ 20ರ ರಾತ್ರಿಯ ಗುಳ್ಳೆ ಬೇಕಿದ್ದರೆ ಮಾರ್ಚ್ 21ರ ದಿನಾಂಕದ ಸಮಯಗಳನ್ನೂ ನೋಡಬೇಕು.

ಭಾರತೀಯ ಸಮಯಕ್ಕೆ ತಂದರೂ ಕೆಲಸ ಮುಗಿಯಲಿಲ್ಲ. ಅಯಾನುಗೋಳ ನಮ್ಮ ಕೈಗಡಿಯಾರ ನೋಡುವುದಿಲ್ಲ, ಸೂರ್ಯನನ್ನು ನೋಡುತ್ತದೆ. ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮೈಸೂರು 76.65 ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ, ನಮ್ಮ ಸ್ಥಳೀಯ ಸೌರ ಸಮಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಗಾದಂಕಿಗೆ, 79.2 ಡಿಗ್ರಿ, ಈ ವ್ಯತ್ಯಾಸ ಸುಮಾರು 13 ನಿಮಿಷ. ಕೊಟೊತಬಾಂಗ್ 100.3 ಡಿಗ್ರಿಯಲ್ಲಿದೆ, ಅಲ್ಲಿಗೆ ಸಂಜೆ ನಮಗಿಂತ ಒಂದೂವರೆ ಗಂಟೆ ಮೊದಲೇ ಬರುತ್ತದೆ. ಎರಡು ರೇಡಾರ್‌ಗಳ ಚಿತ್ರ ಪಕ್ಕಪಕ್ಕ ಇಡುವುದಾದರೆ ಎರಡನ್ನೂ ಸ್ಥಳೀಯ ಸೌರ ಸಮಯಕ್ಕೆ ತಂದೇ ಇಡಿ.

ಇನ್ನೊಂದು ಲೆಕ್ಕ. ಮಾರ್ಚ್ ಕೊನೆಯಲ್ಲಿ ಮೈಸೂರಿನಲ್ಲಿ ಸಂಜೆ ಆರೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. 300 ಕಿ.ಮೀ. ಎತ್ತರದಲ್ಲಿ ಮಾತ್ರ ಇನ್ನೂ 70 ನಿಮಿಷದಷ್ಟು ಬಿಸಿಲಿರುತ್ತದೆ. ಅಲ್ಲಿನ ಸೂರ್ಯಾಸ್ತ ಸುಮಾರು 7:40ಕ್ಕೆ. ಚಿತ್ರದಲ್ಲಿ ನೆಲದ ಸೂರ್ಯಾಸ್ತ, ಎತ್ತರದ ಸೂರ್ಯಾಸ್ತ ಎರಡಕ್ಕೂ ಗೆರೆ ಹಾಕಿ.

ಎಚ್ಚರಿಕೆಯ ಸೂಚನೆ: ನಿಮ್ಮ ಚಿತ್ರದಲ್ಲಿ ಮಧ್ಯಾಹ್ನ 2–3 ಗಂಟೆಗೆ 400 ಕಿ.ಮೀ. ಮೇಲೆ ದಟ್ಟ ಪ್ರತಿಧ್ವನಿ ಕಂಡರೆ, ಹೊಸ ವಿದ್ಯಮಾನ ಸಿಕ್ಕಿತು ಅಂದುಕೊಳ್ಳಬೇಡಿ. ಮೊದಲು ಆ ಐದೂವರೆ ಗಂಟೆ ಸೇರಿಸಿದ್ದೀರಾ ನೋಡಿ.

## ಹಂತ 4: ಬೀಮ್ ಎಲ್ಲಿ ನೋಡುತ್ತಿದೆ

ಈ ಏರುಪೇರುಗಳು ಕಾಂತರೇಖೆಯ ಉದ್ದಕ್ಕೆ ಎಳೆದಂತೆ ಇರುತ್ತವೆ. ಬೀಮ್ ಕಾಂತರೇಖೆಗೆ ಲಂಬವಾಗಿ ಬಿದ್ದಾಗ ಮಾತ್ರ ಪ್ರತಿಧ್ವನಿ ವಾಪಸ್ ಬರುತ್ತದೆ. ಹಿಕಾಮಾರ್ಕಾ ಕಾಂತೀಯ ಸಮಭಾಜಕಕ್ಕೆ ತುಂಬಾ ಹತ್ತಿರ, ಹಾಗಾಗಿ ಬೀಮ್ ಹೆಚ್ಚುಕಮ್ಮಿ ನೆತ್ತಿಯ ಕಡೆಗೇ. ಗಾದಂಕಿ ಸಮಭಾಜಕದಿಂದ ಉತ್ತರಕ್ಕಿದೆ. ಅಲ್ಲಿ ಕಾಂತರೇಖೆ ಉತ್ತರಕ್ಕೆ ಬಾಗಿ ನೆಲದೊಳಗೆ ಇಳಿಯುತ್ತದೆ. ಲಂಬ ಸಿಗಬೇಕಾದರೆ ಬೀಮ್ ಅನ್ನು ನೆತ್ತಿಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ವಾಲಿಸಬೇಕು.

ಫೈಲಿನಲ್ಲಿ ಬೀಮ್‌ನ ಕೋನ ಮತ್ತು ದಿಕ್ಕು ಬರೆದಿರುತ್ತದೆ. ಮೊದಲು ಅದನ್ನು ಓದಿ. ನೆತ್ತಿಯ ಬೀಮ್‌ನ ಗಾದಂಕಿ ಫೈಲು ಇಟ್ಟುಕೊಂಡು ಎಫ್ ಪದರದ ಏರುಪೇರು ಹುಡುಕಿದರೆ ಸಿಗುವುದಿಲ್ಲ. ಆ ಫೈಲು ಗಾಳಿ ಅಳೆಯಲು ತೆಗೆದದ್ದು ಇರಬಹುದು.

ಈಗ ದೂರವನ್ನು ಎತ್ತರಕ್ಕೆ ತನ್ನಿ. ರೇಡಾರ್ ಅಳೆಯುವುದು ಓರೆ ದೂರ. 14 ಡಿಗ್ರಿ ವಾಲಿದ ಬೀಮ್‌ನಲ್ಲಿ 400 ಕಿ.ಮೀ. ದೂರ ಅಂದರೆ ಎತ್ತರ 388 ಕಿ.ಮೀ. ವ್ಯತ್ಯಾಸ ಸಣ್ಣದು ಅನಿಸಬಹುದು. ಅಡ್ಡ ದೂರ ಸಣ್ಣದಲ್ಲ: ಆ ಜಾಗ ಗಾದಂಕಿಯಿಂದ 97 ಕಿ.ಮೀ. ಉತ್ತರಕ್ಕೆ, ಕಡಪ ಕಡೆಯ ಆಕಾಶದಲ್ಲಿದೆ. ಬೀಮ್‌ನ ಅಗಲ 3 ಡಿಗ್ರಿ ಇದ್ದರೆ 350 ಕಿ.ಮೀ. ದೂರದಲ್ಲಿ ಅದು 18 ಕಿ.ಮೀ. ಅಗಲ ಹರಡಿರುತ್ತದೆ. ಅದಕ್ಕಿಂತ ಸಣ್ಣ ವಿವರ ಅಡ್ಡಲಾಗಿ ಕಾಣುತ್ತಿದೆ ಅಂತ ಯಾವತ್ತೂ ಬರೆಯಬೇಡಿ.

ಮೈಸೂರಿನಿಂದ ಗಾದಂಕಿ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ಪೂರ್ವಕ್ಕೆ 275, ಉತ್ತರಕ್ಕೆ 130. ಈ ಎರಡು ಸಂಖ್ಯೆ ಮುಂದೆ ಬೇಕಾಗುತ್ತವೆ.

## ಹಂತ 5: ರೇಡಾರ್‌ನ ಸೆಟ್ಟಿಂಗ್ ಓದಿ

ಒಂದು ಪಲ್ಸ್‌ನಿಂದ ಇನ್ನೊಂದು ಪಲ್ಸ್‌ಗೆ ಎಷ್ಟು ಸಮಯದ ಅಂತರ ಅಂತ ಫೈಲಿನ ತಲೆಬರಹದಲ್ಲಿ ಹುಡುಕಿ. ಎಷ್ಟು ದೂರದವರೆಗೆ ರೇಡಾರ್ ಗೊಂದಲವಿಲ್ಲದೆ ಅಳೆಯುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಬೆಳಕಿನ ವೇಗವನ್ನು ಆ ಅಂತರದಿಂದ ಗುಣಿಸಿ, ಎರಡರಿಂದ ಭಾಗಿಸಿ. ಅಂತರ 4 ಮಿಲಿಸೆಕೆಂಡ್ ಇದ್ದರೆ 600 ಕಿ.ಮೀ.

ಗುಳ್ಳೆ 600ರ ಮಿತಿ ದಾಟಿ 700 ಕಿ.ಮೀ.ಗೆ ಏರಿತು ಅಂದುಕೊಳ್ಳಿ. ಅದರ ಪ್ರತಿಧ್ವನಿ ಮುಂದಿನ ಪಲ್ಸ್ ಹೊರಟ ಮೇಲೆ ಬಂದು ಸೇರುತ್ತದೆ. ರೇಡಾರ್‌ಗೆ ಅದು 100 ಕಿ.ಮೀ.ಯಲ್ಲಿ ಇದ್ದಂತೆ ಕಾಣುತ್ತದೆ. ಅದೇ ಎತ್ತರದಲ್ಲಿ ಇ ಪದರದ ನಿಜವಾದ ಪ್ರತಿಧ್ವನಿಯೂ ಇರುತ್ತದೆ, ಉಲ್ಕೆಗಳ ಬಾಲವೂ ಇರುತ್ತದೆ. ಮೂರೂ ಕಲಸಿಹೋಗುತ್ತವೆ. ಇದನ್ನು ಬಿಡಿಸುವ ಉಪಾಯ: ಚಿತ್ರದ ಮೇಲಂಚಿನಲ್ಲಿ ಗುಳ್ಳೆ ಕತ್ತರಿಸಿದಂತೆ ನಿಂತು, ಅದೇ ನಿಮಿಷದಲ್ಲಿ ಕೆಳಗಂಚಿನಿಂದ ಅದೇ ಓರೆಯಲ್ಲಿ ಮತ್ತೆ ಶುರುವಾದರೆ ಅದು ಸುತ್ತಿಬಂದ ಪ್ರತಿಧ್ವನಿ. ಕೆಳಗಿನ ತುಂಡಿಗೆ 600 ಸೇರಿಸಿ ಮೇಲೆ ಅಂಟಿಸಿ ನೋಡಿ. ಹೊಂದಿಕೊಂಡರೆ ಸಂಶಯ ಬೇಡ.

ಅಂತರ ಹೆಚ್ಚಿಸಿದರೆ ಆಯಿತಲ್ವಾ ಅನ್ನಬಹುದು. ಆಗ ವೇಗದ ಕಡೆ ಪೆಟ್ಟು ಬೀಳುತ್ತದೆ. ಅಳೆಯಬಹುದಾದ ಗರಿಷ್ಠ ವೇಗ ಅಂದರೆ ತರಂಗಾಂತರವನ್ನು ಆ ಅಂತರದ ನಾಲ್ಕರಷ್ಟರಿಂದ ಭಾಗಿಸಿದ್ದು. 53 ಮೆಗಾಹರ್ಟ್ಸ್, 4 ಮಿಲಿಸೆಕೆಂಡ್‌ಗೆ ಅದು ಸೆಕೆಂಡಿಗೆ ಸುಮಾರು 354 ಮೀಟರ್. ಗದ್ದಲ (ನಾಯ್ಸ್) ತಗ್ಗಿಸಲು ನಾಲ್ಕು ಪಲ್ಸ್‌ಗಳನ್ನು ಕೂಡಿಸಿದ್ದರೆ ಮಿತಿ ಕಾಲು ಭಾಗಕ್ಕೆ, ಅಂದರೆ 88 ಮೀಟರ್‌ಗೆ ಇಳಿಯುತ್ತದೆ. ಸೆಕೆಂಡಿಗೆ ನೂರಾರು ಮೀಟರ್ ಏರುವ ಗುಳ್ಳೆಗೆ 88 ಏನೇನೂ ಸಾಲದು. ಹಾಗಾಗಿ ಎಷ್ಟು ಪಲ್ಸ್ ಕೂಡಿಸಿದ್ದಾರೆ ಅನ್ನುವ ಸಂಖ್ಯೆಯನ್ನೂ ಬರೆದುಕೊಳ್ಳಿ.

ಪಲ್ಸ್‌ನ ಅಗಲ 16 ಮೈಕ್ರೋಸೆಕೆಂಡ್ ಆಗಿದ್ದು, ಅದನ್ನು ಸಣ್ಣ ತುಂಡುಗಳ ಕೋಡ್ ಆಗಿ ಒಡೆದಿಲ್ಲದಿದ್ದರೆ ದೂರದ ಸೂಕ್ಷ್ಮತೆ 2.4 ಕಿ.ಮೀ. ಇದನ್ನೂ ಅಷ್ಟೇ, ಬರೆದಿಡಿ.

## ಹಂತ 6: ಗದ್ದಲ ಲೆಕ್ಕ ಹಾಕಿ

ಬಣ್ಣಕ್ಕೆ ಅರ್ಥ ಬರುವುದು ಗದ್ದಲದ ಮಟ್ಟ ಗೊತ್ತಿದ್ದಾಗ. 50 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಮುಖ್ಯವಾಗಿ ಆಕಾಶದಿಂದಲೇ ಬರುತ್ತದೆ. ಆಕಾಶಗಂಗೆಯ ಪಟ್ಟಿ ಬೀಮ್ ಹಾದುಹೋಗುವಾಗ ಅದು ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಇಡೀ ರಾತ್ರಿಗೆ ಒಂದೇ ಗದ್ದಲದ ಸಂಖ್ಯೆ ಹಾಕಿದರೆ ಏನೂ ಇಲ್ಲದ ಕಡೆ ತೆಳು ಪ್ರತಿಧ್ವನಿ ಇದ್ದಂತೆ ಕಾಣುತ್ತದೆ.

ಪ್ರತಿ ಕ್ಷಣಕ್ಕೂ ಬೇರೆ ಬೇರೆ ಲೆಕ್ಕ ಮಾಡಿ. ಆ ಕ್ಷಣದ ಎಲ್ಲ ದೂರಗಳ ಶಕ್ತಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕೆಳಗಿನ ಐದನೇ ಒಂದು ಭಾಗದ ಸರಾಸರಿ ತೆಗೆದುಕೊಳ್ಳಿ. ಇದು ನಿಜಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಕ್ಷಣದಿಂದ ಕ್ಷಣಕ್ಕೆ ಹೋಲಿಸಲು ಸಾಕು. ನಡುಮೌಲ್ಯ ಬೇಡ. ದೊಡ್ಡ ಗುಳ್ಳೆ ಬಂದಾಗ ಅರ್ಧಕ್ಕಿಂತ ಹೆಚ್ಚು ದೂರಗಳಲ್ಲಿ ಪ್ರತಿಧ್ವನಿ ತುಂಬಿ, ನಡುಮೌಲ್ಯವೇ ಮೇಲಕ್ಕೆ ಹೋಗಿಬಿಡುತ್ತದೆ. ಆಮೇಲೆ ಸಿಗ್ನಲ್‌ನಿಂದ ಗದ್ದಲ ಕಳೆದು, ಗದ್ದಲದಿಂದ ಭಾಗಿಸಿ, ಡೆಸಿಬೆಲ್‌ಗೆ ತನ್ನಿ.

## ಹಂತ 7: ಈಗ ಚಿತ್ರ ಬಿಡಿಸಿ, ಮತ್ತು ಓದಿ

ಅಡ್ಡಕ್ಕೆ ಸಮಯ, ಉದ್ದಕ್ಕೆ ಎತ್ತರ, ಬಣ್ಣದಲ್ಲಿ ಶಕ್ತಿ. ಇದನ್ನೇ ಆರ್‌ಟಿಐ (ದೂರ–ಸಮಯ–ತೀವ್ರತೆ) ನಕ್ಷೆ ಅನ್ನುವುದು. ಬಣ್ಣದ ಅಳತೆಪಟ್ಟಿಯನ್ನು ಎಲ್ಲ ರಾತ್ರಿಗೂ ಒಂದೇ ಇಡಿ. ಸಾಫ್ಟ್‌ವೇರ್ ತಾನೇ ಆರಿಸಿದ ಬಣ್ಣಕ್ಕೆ ಬಿಟ್ಟರೆ ಸಪ್ಪೆ ರಾತ್ರಿಯೂ ಕೆಂಪಾಗುತ್ತದೆ.

ಮೊದಲು ಬೇಡದ್ದನ್ನು ಗುರುತಿಸಿ. ಒಂದೇ ಕ್ಷಣದಲ್ಲಿ ಎಲ್ಲ ಎತ್ತರಕ್ಕೂ ನಿಂತ ಲಂಬ ಗೆರೆ ಮಿಂಚು ಅಥವಾ ಹೊರಗಿನ ಅಡಚಣೆ. ಒಂದೇ ಎತ್ತರದಲ್ಲಿ ರಾತ್ರಿಯಿಡೀ ಅಲುಗಾಡದೆ ಓಡುವ ಗೆರೆ ರೇಡಾರ್‌ನ ಒಳಗಿನದು ಅಥವಾ ನೆಲದ ಪ್ರತಿಫಲನ. 80ರಿಂದ 110 ಕಿ.ಮೀ. ನಡುವೆ ಚುಕ್ಕೆ ಚುಕ್ಕೆಯಾಗಿ ಬಂದು ಹೋಗುವುದು ಉಲ್ಕೆ. ಮೇಲೆ ಎಲ್ಲೋ ಕೆಲವೇ ಸೆಕೆಂಡ್ ಕಾಣುವ ಚೂಪು ಚುಕ್ಕೆ ಉಪಗ್ರಹ ಇರಬಹುದು.

ಉಳಿದದ್ದು ಎಫ್ ಪದರದ್ದು. ಅದರಲ್ಲೂ ಬಗೆ ಇದೆ. ಸಂಜೆ ಮೊದಲು ಕಾಣುವುದು ಸಾಮಾನ್ಯವಾಗಿ ಪದರದ ತಳದಲ್ಲಿ ಹತ್ತಾರು ಕಿ.ಮೀ. ದಪ್ಪದ ಸಣ್ಣ ಪಟ್ಟಿ. ಶಕ್ತಿ ಕಡಿಮೆ, ಬಹಳ ಹೊತ್ತು ಇರುತ್ತದೆ. ಇದು ಗುಳ್ಳೆ ಅಲ್ಲ. ಎಷ್ಟೋ ರಾತ್ರಿ ಇಷ್ಟಕ್ಕೇ ನಿಲ್ಲುತ್ತದೆ. ಅದು ದಪ್ಪವಾಗಿ ಅಲೆ ಅಲೆಯಾದರೆ ಮುಂದಿನ ಬಗೆ. ಅಲ್ಲಿಂದ ಕಂಬದ ಹಾಗೆ 500, 600, ಕೆಲವು ರಾತ್ರಿ 1000 ಕಿ.ಮೀ. ದಾಟಿ ಏರಿದ್ದೇ ಪ್ಲೂಮ್. ಗುಳ್ಳೆಯ ಗುರುತು ಅದು. ವರದಿಯಲ್ಲಿ ಮೂರಕ್ಕೂ ಬೇರೆ ಬೇರೆ ಹೆಸರು ಬಳಸಿ. ಪಟ್ಟಿ ಕಂಡ ರಾತ್ರಿಗಳನ್ನೂ ಗುಳ್ಳೆಯ ಲೆಕ್ಕಕ್ಕೆ ಸೇರಿಸಿದರೆ ನಿಮ್ಮ ಇಡೀ ಅಂಕಿಅಂಶ ಕೆಡುತ್ತದೆ.

ಇನ್ನು ಅತಿ ಮುಖ್ಯವಾದದ್ದು. ಒಂದೇ ಕಡೆ ನೋಡುವ ಬೀಮ್‌ನ ನಕ್ಷೆಯನ್ನು ಸಿನಿಮಾದಂತೆ ಓದಬೇಡಿ. ಸಯ್ಯಾಜಿರಾವ್ ರಸ್ತೆಯ ಒಂದು ಅಂಗಡಿಯ ಅರೆತೆರೆದ ಬಾಗಿಲಿಂದ ಜಂಬೂಸವಾರಿ ನೋಡಿದ ಹಾಗೆ ಇದು. ಮೊದಲು ಕುದುರೆ, ಆಮೇಲೆ ಆನೆ ಕಂಡರೆ ಕುದುರೆಯೇ ಬೆಳೆದು ಆನೆಯಾಯಿತು ಅನ್ನುವುದಿಲ್ಲ ಅಲ್ವಾ? ರಾತ್ರಿ ಏರುಪೇರುಗಳು ಪೂರ್ವಕ್ಕೆ ಸರಿಯುತ್ತಿರುತ್ತವೆ. ಮೊದಲ ಅರ್ಧರಾತ್ರಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 150 ಮೀಟರ್, ಆಮೇಲೆ ನಿಧಾನ. ಸೆಕೆಂಡಿಗೆ 100 ಮೀಟರ್ ಅಂದರೆ 10 ನಿಮಿಷಕ್ಕೆ 60 ಕಿ.ಮೀ. ನಕ್ಷೆಯಲ್ಲಿ ಪ್ಲೂಮ್ 20 ನಿಮಿಷದಲ್ಲಿ ಮೇಲೇರಿದಂತೆ ಕಂಡರೆ, ಅದು ನಿಜವಾಗಿ ಏರಿದ್ದೂ ಇರಬಹುದು, ಮೊದಲೇ ಓರೆಯಾಗಿ ನಿಂತಿದ್ದ ಪ್ಲೂಮ್ ಬೀಮ್ ದಾಟಿದ್ದೂ ಇರಬಹುದು. ಪ್ಲೂಮ್‌ಗಳು ಮೇಲೆ ಹೋದಂತೆ ಪಶ್ಚಿಮಕ್ಕೆ ವಾಲುವುದು ಸಾಮಾನ್ಯ. ಪೂರ್ವಕ್ಕೆ ಸರಿಯುವಾಗ ಬುಡ ಮೊದಲು ಬರುತ್ತದೆ, ತುದಿ ಆಮೇಲೆ ಬರುತ್ತದೆ. ಬೆಳೆದಂತೆ ಕಾಣುವುದು ಅದರಿಂದಲೇ.

ಒಂದೇ ಬೀಮ್ ಇದ್ದರೆ ಇದನ್ನು ಬಿಡಿಸಲು ಡಾಪ್ಲರ್, ಅಂದರೆ ಪ್ರತಿಧ್ವನಿಯ ಆವರ್ತನ ಬದಲಾದದ್ದರಿಂದ ತಿಳಿಯುವ ವೇಗ, ಬೇಕು. ಗಿರಿ, ಕೊಟೊತಬಾಂಗ್ ರೇಡಾರ್‌ಗಳಲ್ಲಿ ಪೂರ್ವ–ಪಶ್ಚಿಮಕ್ಕೆ ಹಲವು ಬೀಮ್‌ಗಳ ಡೇಟಾ ಸಿಗುತ್ತದೆ. ಸಿಕ್ಕರೆ ಅದನ್ನೇ ಬಳಸಿ, ಅರ್ಧ ತಲೆನೋವು ಕಡಿಮೆ.

## ಹಂತ 8: ಡಾಪ್ಲರ್ ನೋಡಿ

ಮೊದಲು ಚಿಹ್ನೆ. ಕೆಲವು ಫೈಲುಗಳಲ್ಲಿ ಧನ ಅಂದರೆ ರೇಡಾರ್‌ನಿಂದ ದೂರಕ್ಕೆ, ಕೆಲವುಗಳಲ್ಲಿ ಹತ್ತಿರಕ್ಕೆ. ವಿವರಣೆಯಲ್ಲಿ ಬರೆದಿರುತ್ತದೆ. ಊಹೆ ಮಾಡಬೇಡಿ.

ಬೆಳೆಯುತ್ತಿರುವ ಗುಳ್ಳೆಯಲ್ಲಿ ಪ್ಲೂಮ್‌ನ ಒಳಗೆ ಮೇಲ್ಮುಖ ವೇಗ ಸೆಕೆಂಡಿಗೆ 100 ಮೀಟರ್‌ನಿಂದ ಹಲವು ನೂರು ಮೀಟರ್‌ವರೆಗೂ ಇರುತ್ತದೆ, ವೇಗಗಳ ಹರವೂ ದೊಡ್ಡದು. ಎಲ್ಲೋ ಪಶ್ಚಿಮದಲ್ಲಿ ಹುಟ್ಟಿ, ಬೆಳವಣಿಗೆ ಮುಗಿಸಿ, ಸರಿದು ಬಂದದ್ದಾದರೆ ವೇಗ ಸೊನ್ನೆಯ ಹತ್ತಿರ ಅಥವಾ ಕೆಳಮುಖ, ಹರವು ಕಿರಿದು. ಒಂದೇ ಥರ ಕಾಣುವ ಎರಡು ಪ್ಲೂಮ್‌ಗಳನ್ನು ಬೇರೆ ಮಾಡುವುದು ಇದೇ.

ಎಚ್ಚರಿಕೆಯ ಸೂಚನೆ: ಪಕ್ಕಪಕ್ಕದ ಎರಡು ಎತ್ತರಗಳಲ್ಲಿ ವೇಗ ಧನದ ತುದಿಯಿಂದ ಋಣದ ತುದಿಗೆ ಹಾರಿದರೆ ಪ್ಲಾಸ್ಮಾ ದಿಕ್ಕು ಬದಲಿಸಲಿಲ್ಲ. 5ನೇ ಹಂತದಲ್ಲಿ ಬರೆದುಕೊಂಡ ವೇಗದ ಮಿತಿ ಮೀರಿದೆ, ಅಷ್ಟೇ. ಮಿತಿಯ ಎರಡರಷ್ಟು ಸೇರಿಸಿಯೋ ಕಳೆದೋ ಸರಿಪಡಿಸಿ. ಹರವು ಮಿತಿಗಿಂತ ಅಗಲವಾಗಿದ್ದರೆ ಸರಿಪಡಿಸಲು ಬರುವುದಿಲ್ಲ. ಆ ಭಾಗವನ್ನು ಖಾಲಿ ಬಿಡಿ.

## ಹಂತ 9: ನಮ್ಮ ಚಾವಣಿಯಿಂದ ತಾಳೆ ನೋಡಿ

ಮೈಸೂರು–ಮಂಡ್ಯದವರಿಗೆ ಇಲ್ಲಿ ನಿಜವಾದ ಅವಕಾಶ ಇದೆ. ಗಾದಂಕಿಯಿಂದ ಪಶ್ಚಿಮಕ್ಕೆ 275 ಕಿ.ಮೀ.ಯಲ್ಲಿ ನಾವಿದ್ದೇವೆ. ಗುಳ್ಳೆಗಳು ಪೂರ್ವಕ್ಕೆ ಸರಿಯುತ್ತವೆ. ಅಂದರೆ ನಮ್ಮ ರೇಖಾಂಶ ದಾಟಿದ ಗುಳ್ಳೆ, ಸೆಕೆಂಡಿಗೆ 100 ಮೀಟರ್ ವೇಗದಲ್ಲಿ, ಸುಮಾರು 45 ನಿಮಿಷದ ನಂತರ ಗಾದಂಕಿಯ ಬೀಮ್‌ಗೆ ಬರುತ್ತದೆ. 150 ಮೀಟರ್ ಆದರೆ ಅರ್ಧ ಗಂಟೆ. ಉಪಕರಣ ಬರೀ ಒಂದು ಜಿಪಿಎಸ್ ರಿಸೀವರ್.

ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಸಿಗ್ನಲ್ ಗುಳ್ಳೆಯ ಮೂಲಕ ಬಂದರೆ ಮಿನುಗುತ್ತದೆ. ಇದಕ್ಕೆ ಕಾರಣ 3 ಮೀಟರ್‌ನ ಏರುಪೇರಲ್ಲ, ಸುಮಾರು 400 ಮೀಟರ್ ಅಳತೆಯದು. ಮಧ್ಯರಾತ್ರಿಯ ನಂತರ ಸಣ್ಣ ಅಳತೆಯವು ಮೊದಲು ಕರಗುತ್ತವೆ, ದೊಡ್ಡವು ಉಳಿಯುತ್ತವೆ. ರೇಡಾರ್ ಖಾಲಿ ಇದ್ದು ಜಿಪಿಎಸ್ ಮಿನುಗುತ್ತಿದ್ದರೆ ಗಾಬರಿ ಬೇಡ, ಹಳೆಯ ಗುಳ್ಳೆ ಅದು.

ಉಪಗ್ರಹ ನೆತ್ತಿಯಲ್ಲಿ ಇಲ್ಲದಿದ್ದರೆ ಅದರ ಸಿಗ್ನಲ್ ಅಯಾನುಗೋಳವನ್ನು ಚುಚ್ಚುವ ಜಾಗವೂ ನೆತ್ತಿಯಲ್ಲಿರುವುದಿಲ್ಲ. 350 ಕಿ.ಮೀ. ಎತ್ತರಕ್ಕೆ ಲೆಕ್ಕ ಹಾಕಿದರೆ, 30 ಡಿಗ್ರಿ ಎತ್ತರದ ಉಪಗ್ರಹಕ್ಕೆ ಆ ಜಾಗ 540 ಕಿ.ಮೀ. ಆಚೆ. 45 ಡಿಗ್ರಿಗೆ 320 ಕಿ.ಮೀ. ಇದನ್ನು ಅನುಕೂಲಕ್ಕೆ ಬಳಸಿಕೊಳ್ಳಬಹುದು: ಮೈಸೂರಿನಿಂದ ಈಶಾನ್ಯಕ್ಕೆ, ಉತ್ತರದಿಂದ 52 ಡಿಗ್ರಿ ದಿಕ್ಕಿನಲ್ಲಿ, 43 ಡಿಗ್ರಿ ಎತ್ತರದಲ್ಲಿ ಇರುವ ಉಪಗ್ರಹದ ಸಿಗ್ನಲ್ ಗಾದಂಕಿ ಬೀಮ್ ನೋಡುವ ಅದೇ ಆಕಾಶವನ್ನು ಚುಚ್ಚಿ ಬರುತ್ತದೆ. ಆ ಉಪಗ್ರಹವನ್ನು ರೇಡಾರ್ ಜೊತೆ ಅದೇ ಕ್ಷಣಕ್ಕೆ ಹೋಲಿಸಿ. ನೆತ್ತಿಯ ಉಪಗ್ರಹವನ್ನು ಮುಕ್ಕಾಲು ಗಂಟೆ ನಂತರದ ರೇಡಾರ್ ಜೊತೆ ಹೋಲಿಸಿ. ಎರಡೂ ಹೊಂದಿದರೆ ಗುಳ್ಳೆ ಸರಿಯುವ ವೇಗವೂ ನಿಮಗೆ ಸಿಕ್ಕಿತು.

ಆಂಟೆನಾ ಇಡುವ ಜಾಗ ನೋಡಿ ಇಡಿ. ನಮ್ಮೂರಿನ ಚಾವಣಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇರುವುದು ಮಾಮೂಲು. ಅದರ ತಗಡು, ಪಕ್ಕದ ಶೀಟಿನ ಚಾವಣಿ, ಎರಡೂ ಸಿಗ್ನಲ್ ಅನ್ನು ಪ್ರತಿಫಲಿಸಿ ಮಿನುಗಿನಂತೆಯೇ ಕಾಣುವ ಏರಿಳಿತ ಹುಟ್ಟಿಸುತ್ತವೆ. ಅದರಿಂದ ದೂರ, ಎಲ್ಲಕ್ಕಿಂತ ಎತ್ತರದಲ್ಲಿ ಇಡಿ. 30 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಟ್ಟುಬಿಡಿ. ಚಾಮುಂಡಿ ಬೆಟ್ಟದ ಮಗ್ಗುಲಲ್ಲೇ ಮನೆ ಇಲ್ಲದಿದ್ದರೆ ಬೆಟ್ಟ ಅಡ್ಡ ಬರುವುದಿಲ್ಲ.

ಅನುಮಾನ ಬಂದರೆ ಪರೀಕ್ಷೆ ಸುಲಭ. ಜಿಪಿಎಸ್ ಉಪಗ್ರಹಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತವೆ. ಮರುದಿನ 4 ನಿಮಿಷ ಮೊದಲು ಅದೇ ಉಪಗ್ರಹದಲ್ಲಿ ಅದೇ ಏರಿಳಿತ ಕಂಡರೆ ಅದು ನಿಮ್ಮ ಚಾವಣಿಯದು. ಕಾಣದಿದ್ದರೆ ಅಯಾನುಗೋಳದ್ದು ಇರಬಹುದು.

ಸೆಕೆಂಡಿಗೆ ಒಂದು ಸಲ ಬರೆದಿಟ್ಟ ಸಿಗ್ನಲ್ ಶಕ್ತಿಯಿಂದ ಮಿನುಗು ಇತ್ತಾ ಇಲ್ಲವಾ ಹೇಳಬಹುದು. ಅದನ್ನು ಎಸ್4 ಸೂಚ್ಯಂಕ (ಮಿನುಗಿನ ಪ್ರಮಾಣಿತ ಅಳತೆ) ಅಂತ ಕರೆಯಬೇಡಿ. ಅದಕ್ಕೆ ಸೆಕೆಂಡಿಗೆ 50ರಷ್ಟು ಅಳತೆ ಕೊಡುವ ವಿಶೇಷ ರಿಸೀವರ್ ಬೇಕು. ಎರಡು ಆವರ್ತನದ ರಿಸೀವರ್ ಇದ್ದರೆ ರೋಟಿ ಸೂಚ್ಯಂಕ ತೆಗೆಯಿರಿ: ದಾರಿಯಲ್ಲಿನ ಎಲೆಕ್ಟ್ರಾನ್‌ಗಳ ಮೊತ್ತ (ಟೆಕ್) 30 ಸೆಕೆಂಡಿಗೊಮ್ಮೆ ಎಷ್ಟು ಬದಲಾಯಿತು ನೋಡಿ, 5 ನಿಮಿಷದಲ್ಲಿ ಆ ಬದಲಾವಣೆಯ ಮಾನಕ ವಿಚಲನೆ ಲೆಕ್ಕ ಹಾಕಿ. ನಿಮಿಷಕ್ಕೆ 0.5 ಟೆಕ್ ಮಾನ ದಾಟಿದರೆ ಏರುಪೇರು ಇದೆ ಅಂತ ಎಣಿಸುವುದು ರೂಢಿ. ರಿಸೀವರ್ ಇಲ್ಲದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ, ಐಜಿಎಸ್ ಎಂಬ ಅಂತರರಾಷ್ಟ್ರೀಯ ಜಿಪಿಎಸ್ ಜಾಲದ ಕೇಂದ್ರದ ಹಳೆಯ ಫೈಲುಗಳನ್ನು ಬಳಸಬಹುದು. ಆ ಕೇಂದ್ರದ ಹೆಸರು ಐಐಎಸ್‌ಸಿ ಅಂತಲೇ ಇದೆ. ದಿಕ್ಕು, ಎತ್ತರದ ಲೆಕ್ಕವನ್ನು ಮಾತ್ರ ಬೆಂಗಳೂರಿಗೆ ಹೊಸದಾಗಿ ಹಾಕಿ.

ಮೈಸೂರಿನ ಮೇಲೆ ಏನೂ ಕಾಣಲಿಲ್ಲ ಅಂದರೆ ಇನ್ನೊಂದು ಕಾರಣವೂ ಇರಬಹುದು. ಗುಳ್ಳೆ ಹುಟ್ಟುವುದು ದಕ್ಷಿಣದ ಕಾಂತೀಯ ಸಮಭಾಜಕದ ಮೇಲೆ. ಕಾಂತರೇಖೆ ಅಲ್ಲಿಂದ ಬಾಗಿ ನಮ್ಮ ಕಡೆ ಇಳಿಯುತ್ತದೆ. ನಮ್ಮ ತಲೆಯ ಮೇಲೆ 350 ಕಿ.ಮೀ.ಯಲ್ಲಿ ಕಾಣಬೇಕಾದರೆ ಅಲ್ಲಿ ಅದು ಸುಮಾರು 400 ಕಿ.ಮೀ.ವರೆಗೆ ಏರಿರಬೇಕು. ಗಾದಂಕಿಗೆ ಇನ್ನೂ ಸ್ವಲ್ಪ ಜಾಸ್ತಿ. ತಿರುನಲ್ವೇಲಿ ಅಥವಾ ತಿರುವನಂತಪುರದ ಅಯನೋಸೋಂಡ್‌ನಲ್ಲಿ (ನೆಲದಿಂದ ರೇಡಿಯೋ ಅಲೆ ಕಳಿಸಿ ಅಯಾನುಗೋಳ ಅಳೆಯುವ ಉಪಕರಣದಲ್ಲಿ) ಎಫ್ ಪದರ ಕಲಸಿದಂತೆ ಕಂಡು, ನಮ್ಮಲ್ಲಿ ಶಾಂತವಾಗಿದ್ದರೆ ಗುಳ್ಳೆ ಅಷ್ಟು ಎತ್ತರ ಏರಲಿಲ್ಲ ಅಂತ ಅರ್ಥ.

## ಹಂತ 10: ಬರೆದಿಡಿ

ಪ್ರತಿ ರಾತ್ರಿಗೂ ಒಂದು ಪುಟ. ಆವರ್ತನ, ಬೀಮ್‌ನ ದಿಕ್ಕು, ಪಲ್ಸ್ ಅಂತರ, ಕೂಡಿಸಿದ ಪಲ್ಸ್‌ಗಳು, ಕೆಪಿ, ಸಮಯದ ಬಗೆ ಎಲ್ಲ ಮೇಲ್ಗಡೆ. ಕೆಳಗೆ ಏನು ಕಂಡಿತು, ಯಾವಾಗ ಶುರುವಾಯಿತು, ಎಷ್ಟು ಎತ್ತರ ಮುಟ್ಟಿತು. ಮೂಲ ಫೈಲನ್ನು ತಿದ್ದದೆ ಹಾಗೇ ಇಟ್ಟು, ಪ್ರತಿಯ ಮೇಲೆ ಕೆಲಸ ಮಾಡಿ.

ಏನೂ ಕಾಣದ ರಾತ್ರಿಗೂ ಪುಟ ಬೇಕು. ರೇಡಾರ್ ಓಡಿ ಪ್ರತಿಧ್ವನಿ ಬರಲಿಲ್ಲವಾ, ರೇಡಾರೇ ಓಡಲಿಲ್ಲವಾ ಅನ್ನುವುದನ್ನು ಬೇರೆ ಬೇರೆ ಬರೆಯಿರಿ. ತಿಂಗಳಿಗೆ ಎಷ್ಟು ಪಾಲು ರಾತ್ರಿ ಗುಳ್ಳೆ ಬಂತು ಅಂತ ಲೆಕ್ಕ ಹಾಕುವಾಗ ಭಾಗಿಸಬೇಕಾದ್ದು ರೇಡಾರ್ ಓಡಿದ ರಾತ್ರಿಗಳಿಂದ, ತಿಂಗಳ 30 ದಿನಗಳಿಂದ ಅಲ್ಲ.